ತಂತಿ ನುಂಗಿದ ಬೇವು

ಪ್ರಶ್ನೆ: ತೋಟದ ಬೇಲಿಗೆಂದು ಒಂದೇ ದಿನ ಬೇವಿನ ಮರಕ್ಕೂ ಅಡಿಕೆ ಮರಕ್ಕೂ ತಂತಿ ಸುತ್ತಿದ್ದೆ. ಎಂಟು ವರ್ಷದಲ್ಲಿ ಬೇವು ತಂತಿಯನ್ನು ನುಂಗಿದೆ, ಅದರ ಮೇಲ್ಭಾಗ ಊದಿಕೊಂಡಿದೆ. ಅಡಿಕೆಯಲ್ಲಿ ತಂತಿ ಸುತ್ತಿದಂತೆಯೇ ಇದೆ. ಹೀಗೇಕೆ?
– ಬೆಳೆಗಾರರೊಬ್ಬರು, ಚನ್ನಗಿರಿ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿದವನೇ ಎದ್ದು, ದಾವಣಗೆರೆಯ ನಮ್ಮ ಮನೆಯ ಹಿಂದಿನ ಹೊಲದಿಂದ ಎಳೆಯ ಮೆಕ್ಕೆಜೋಳದ ದಂಟೊಂದನ್ನು ತಂದೆ. ಜೊತೆಗೆ ಅಂಗಳದ ಕರ್ಣಕುಂಡಲದ ಗಿಡ. ಎರಡರ ಬುಡವನ್ನೂ ಕೆಂಪು ಶಾಯಿಯ ನೀರಿನಲ್ಲಿಟ್ಟು, ಕೆಲವು ಗಂಟೆ ಬಿಟ್ಟು ಬ್ಲೇಡಿನಿಂದ ಅಡ್ಡಲಾಗಿ ಕೊಯ್ದೆ. ಜೋಳದ ಬಿಲ್ಲೆಯ ತುಂಬ ರಾಗಿ ಚೆಲ್ಲಿದಂತೆ ಕೆಂಪು ಚುಕ್ಕೆಗಳು, ಅಂಚಿನಲ್ಲಿ ಇನ್ನಷ್ಟು ಒತ್ತಾಗಿ. ಕರ್ಣಕುಂಡಲದಲ್ಲಿ ಅವೇ ಚುಕ್ಕೆಗಳು ಬಳೆಯಂತೆ ಒಂದೇ ಸುತ್ತು. ಎಷ್ಟು ಸಲ ನೋಡಿದರೂ ನನಗೆ ತಣಿಯದ ನೋಟ ಇದು.

ಕೆಂಪಾದದ್ದು ನೀರು ಏರುವ ಕ್ಸೈಲಮ್. ಕರ್ಣಕುಂಡಲದಂತೆ ಬೇವೂ ದ್ವಿದಳ, ಎಂದರೆ ಬೀಜದಲ್ಲಿ ಎರಡು ಬೇಳೆಯಿರುವ ಸಸ್ಯ. ಇಂಥ ಮರದಲ್ಲಿ ಕ್ಸೈಲಮಿನ ಹೊರಗೆ ಎಲೆಯ ಆಹಾರವನ್ನು ಒಯ್ಯುವ ಫ್ಲೋಯಮ್ ಇದೆ. ನಡುವೆ ಕೇಂಬಿಯಮ್ ಎಂಬ ತೆಳು ಪದರ. ಅದು ಒಳಕ್ಕೆ ಕಟ್ಟಿಗೆಯನ್ನೂ ಹೊರಕ್ಕೆ ಫ್ಲೋಯಮನ್ನೂ ಹುಟ್ಟಿಸುತ್ತ ಕಾಂಡವನ್ನು ದಪ್ಪಗೊಳಿಸುತ್ತದೆ. ದಪ್ಪಗಾದ ಕಾಂಡಕ್ಕೆ ತಂತಿ ಉರುಳಾಯಿತು. ಇಳಿಯಬೇಕಾದ ಆಹಾರ ಅಲ್ಲಿಯೇ ತಡೆದು ಮೇಲ್ಭಾಗ ಊದಿತು.

ಅಡಿಕೆಯಲ್ಲಿ ಅಂಥ ಕೇಂಬಿಯಮ್ ಇಲ್ಲ. ಜೋಳದ ಚುಕ್ಕೆಗಳಂತೆಯೇ ನಾಳಕೂರ್ಚಗಳು, ಅಂದರೆ ಕ್ಸೈಲಮ್ ಮತ್ತು ಫ್ಲೋಯಮಿನ ಕಟ್ಟುಗಳು, ಚದುರಿವೆ, ಗಟ್ಟಿ ನಾರಿನ ಕವಚದೊಳಗೆ. ಮರ ಎತ್ತರಕ್ಕೆ ಹೋಗುತ್ತದೆ, ಅಗಲಕ್ಕಲ್ಲ.

ಬೇವಿನ ತಂತಿಯನ್ನು ದಯವಿಟ್ಟು ಇಂದೇ ಕತ್ತರಿಸಿ. ಒಳಗೆ ಹೂತ ತುಂಡನ್ನು ಮಾತ್ರ ಎಳೆಯಬೇಡಿ, ತೊಗಟೆ ಕಿತ್ತುಬರುತ್ತದೆ.