48ಕ್ಕೆ ಕರಾಟೆ ಶುರು ಮಾಡಿದರೆ ಮೊಣಕಾಲು ತಡೆಯುತ್ತಾ?

ಪ್ರಶ್ನೆ: ನನಗೆ 48 ವರ್ಷ. ಬಾಗಲಕೋಟೆಯ ನವನಗರದಲ್ಲಿದ್ದೇನೆ, ಪ್ರಾಥಮಿಕ ಶಾಲೆ ಶಿಕ್ಷಕಿ. ಮಗಳನ್ನು ಕರಾಟೆ ಕ್ಲಾಸಿಗೆ ಬಿಡಲು ಹೋಗಿ ಹೋಗಿ ನನಗೂ ಕಲಿಯುವ ಆಸೆ ಹತ್ತಿದೆ. ಶುಗರ್ ಇದೆ, ಮಾತ್ರೆ ತಗೊಳ್ತೀನಿ. ದಿನವಿಡೀ ನಿಂತು ಪಾಠ ಮಾಡಿ ಸಂಜೆಗೆ ಬಲ ಮೊಣಕಾಲು ನೋಯುತ್ತದೆ. ‘ಈ ವಯಸ್ಸಿನ್ಯಾಗ ಕಾಲ ಮುರ್ಕೊಂಡು ಕುಂಡ್ರತಿ’ ಅಂತ ಮನೆಯವರು ಹೆದರಿಸ್ತಾರೆ. ಸಣ್ಣ ಮಕ್ಕಳ ಸಾಲಲ್ಲಿ ಬಿಳಿ ಬೆಲ್ಟ್ ಕಟ್ಟಿ ನಿಲ್ಲೋಕೆ ಸಂಕೋಚ ಬೇರೆ. ಕಲಿತರೆ ಸರಗಳ್ಳರನ್ನು ಎದುರಿಸುವ ಧೈರ್ಯ ಬರುತ್ತಾ?

ಉತ್ತರ: ಧಾರಾಳವಾಗಿ ಕಲಿಯಿರಿ ಅಕ್ಕಾವ್ರೇ. 48 ಏನೂ ತಡ ಅಲ್ಲ. ಆದರೆ ಮಗಳು ಕಲಿತ ಹಾಗೆ ನೀವು ಕಲಿಯಲು ಹೋಗಬೇಡಿ. ವಯಸ್ಸಾದ ಮೇಲೆ ಬಂದವರಿಗೆ ಪೆಟ್ಟಾಗುವುದು ಹೆಚ್ಚಾಗಿ ಮಕ್ಕಳ ಲೆಕ್ಕಕ್ಕೆ ಓಡಿದಾಗಲೇ.

ಮೊದಲು ಮೊಣಕಾಲಿನ ಮಾತು. ನೀವು ಮೊದಲ ವಾರವೇ ಕಲಿಯುವ ನಿಲುವು ಝೆಂಕುತ್ಸು ದಾಚಿ. ಒಂದು ಕಾಲು ಮುಂದೆ, ಅದರ ಮೊಣಕಾಲು ಬಾಗಿರುತ್ತದೆ, ಹಿಂದಿನ ಕಾಲು ನೇರ. ನಿಂತಲ್ಲೇ ಕೆಳಗೆ ನೋಡಿಕೊಳ್ಳಿ. ಮುಂದಿನ ಮೊಣಕಾಲು ಪಾದ ಯಾವ ಕಡೆ ಇದೆಯೋ ಆ ಕಡೆಗೇ ಬಾಗಿರಬೇಕು. ಅದು ಹೆಬ್ಬೆರಳು ದಾಟಿ ಒಳಗಡೆ ವಾಲುತ್ತಿದ್ದರೆ ನಿಲುವು ಜಾಸ್ತಿ ಉದ್ದ ಆಗಿದೆ ಅಂತ ಅರ್ಥ. ಒಂದು ಗೇಣು ಚಿಕ್ಕದು ಮಾಡಿ, ಸೊಂಟ ಸ್ವಲ್ಪ ಮೇಲೆತ್ತಿ. ‘ಇನ್ನೂ ಕೆಳಗೆ, ಇನ್ನೂ ಕೆಳಗೆ’ ಅಂತ ಮಾಸ್ತರರು ಕೂಗಿದರೂ ನಿಮ್ಮ ಎತ್ತರದಲ್ಲೇ ನಿಲ್ಲಿ. ಆರು ತಿಂಗಳಾದ ಮೇಲೆ ತಾನಾಗಿ ಕೆಳಗೆ ಹೋಗುತ್ತೀರಿ.

ಇದಕ್ಕಿಂತ ಅಪಾಯ ತಿರುಗುವಾಗ. ಕಟಾದಲ್ಲಿ, ಅಂದರೆ ಗೊತ್ತುಪಡಿಸಿದ ಕ್ರಮದಲ್ಲಿ ಒಬ್ಬರೇ ಮಾಡುವ ಏಟು, ತಡೆಗಳ ಅಭ್ಯಾಸದಲ್ಲಿ, ಮತ್ತೆ ಮತ್ತೆ ದಿಕ್ಕು ಬದಲಾಗುತ್ತದೆ. ಬರಿಗಾಲು ರಬ್ಬರ್ ಮ್ಯಾಟ್ ಮೇಲೆ ಕಚ್ಚಿಕೊಳ್ಳುತ್ತದೆ, ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ. ನಡುವೆ ಸಿಕ್ಕಿ ತಿರುಚಿಕೊಳ್ಳುವುದು ಮೊಣಕಾಲು. ಅದಕ್ಕೇ ಭಾರ ಇರುವ ಪಾದವನ್ನು ಎಂದೂ ಎಳೆದು ತಿರುಗಿಸಬೇಡಿ. ಭಾರ ಹಗುರ ಮಾಡಿಕೊಳ್ಳಿ, ಮೊದಲು ಪಾದ ತಿರುಗಲಿ, ಆಮೇಲೆ ಸೊಂಟ. ಇದನ್ನು ನಿಧಾನವಾಗಿ, ಬಾಯಲ್ಲಿ ಹೇಳಿಕೊಳ್ಳುತ್ತಾ ರೂಢಿ ಮಾಡಿ. ಒದೆಯುವಾಗಲೂ ಗಾಳಿಯಲ್ಲಿ ಕಾಲನ್ನು ಪಟ್ಟನೆ ಪೂರ್ತಿ ಚಾಚಬೇಡಿ. ಸೊಂಟದ ಎತ್ತರಕ್ಕೆ ಒದ್ದರೆ ಬೇಕಾದಷ್ಟಾಯಿತು.

ನಮ್ಮ ಕಡೆ ಗರಡಿಮನೆ ನೋಡಿ ಬೆಳೆದವರು ದಂಡ, ಬೈಠಕ್ ಜಾಸ್ತಿ ಹೊಡೆದಷ್ಟೂ ಒಳ್ಳೇದು ಅಂತ ನಂಬಿರುತ್ತಾರೆ. ನೋಯುವ ಮೊಣಕಾಲಿಗೆ ಪೂರ್ತಿ ಕುಕ್ಕರಗಾಲಿನ ಬೈಠಕ್ ಬೇಡ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಸಾಕು, ತೊಡೆಗೆ ಬಲ ಬರುತ್ತದೆ. ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ. ರೊಟ್ಟಿ ಬೇಯುವಷ್ಟು ಹೊತ್ತು ನಿಂತರೂ ಲಾಭವೇ.

ವಾರಕ್ಕೆ ಎರಡು ದಿನ ಕ್ಲಾಸ್ ಸಾಕು, ನಡುವೆ ಒಂದೆರಡು ದಿನ ಬಿಡುವು ಇರಲಿ. ಒಂದೂವರೆ ತಿಂಗಳಿಗೆ ಮೈ ಹುರುಪಾಗಿ, ದಿನಾ ಹೋಗೋಣ ಅನಿಸುತ್ತದೆ. ಆಗಲೇ ಹುಷಾರಾಗಿರಬೇಕು. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ಹಗ್ಗದಂಥ ಭಾಗ ಬಲಿಯಲು ತಿಂಗಳುಗಟ್ಟಲೆ ಬೇಕು. ಮರುದಿನ ತೊಡೆ ಬಿಗಿದು ನೋಯುತ್ತಿದ್ದರೆ ಚಿಂತೆ ಬೇಡ. ಮೆಟ್ಟಿಲು ಇಳಿಯುವಾಗ ಮೊಣಕಾಲು ಚುಚ್ಚಿದರೆ ಮುಂದಿನ ಕ್ಲಾಸಲ್ಲಿ ಅರ್ಧ ಮಾಡಿ. ಊದಿದರೆ, ಮಡಚಿದ್ದು ಬಿಚ್ಚದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

ಶುಗರ್ ಇರುವುದರಿಂದ ಸೇರುವ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ, ಬಿಪಿಯನ್ನೂ ನೋಡಿಸಿ. ಕೆಲವು ಮಾತ್ರೆ ಮತ್ತು ಇನ್ಸುಲಿನ್ ತಗೊಳ್ಳುವವರಿಗೆ ಶ್ರಮ ಬಿದ್ದಾಗ ಶುಗರ್ ತೀರಾ ಇಳಿಯಬಹುದು. ನಿಮ್ಮ ಮಾತ್ರೆ ಅಂಥದ್ದಾ ಅಂತ ಕೇಳಿ. ಚೀಲದಲ್ಲಿ ಸ್ವಲ್ಪ ಸಕ್ಕರೆ ಇರಲಿ. ಕರಾಟೆ ಬರಿಗಾಲಿನ ವಿದ್ಯೆ, ಅದಕ್ಕೇ ಕ್ಲಾಸ್ ಮುಗಿದ ಮೇಲೆ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ಶುಗರ್ ಇರುವ ಕೆಲವರಿಗೆ ಪಾದಕ್ಕೆ ಗಾಯವಾದರೂ ಗೊತ್ತೇ ಆಗುವುದಿಲ್ಲ. ಪಾದ ಜೋಮು ಹಿಡಿಯುವ ತೊಂದರೆ ಇದ್ದರೆ ಮೆತ್ತನೆ ಶೂ ಹಾಕಿಕೊಳ್ಳಲು ಮಾಸ್ತರರ ಒಪ್ಪಿಗೆ ಕೇಳಿ. ಗುದ್ದುವಾಗ ಉಸಿರು ಬಿಗಿಹಿಡಿಯಬೇಡಿ, ಬಿಪಿ ಏರುತ್ತದೆ.

ಸಂಕೋಚಕ್ಕೆ ಒಂದು ಮಾತು. ಓಕಿನಾವಾ ದ್ವೀಪದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಬಂದು ಕರಾಟೆ ಪ್ರದರ್ಶನ ಕೊಟ್ಟರು, ಅಲ್ಲೇ ಉಳಿದು ಕಲಿಸಿದರು. ಆಗ ಅವರಿಗೆ ಐವತ್ತು ದಾಟಿತ್ತು. ಅವರೂ ನಿಮ್ಮ ಹಾಗೆ ಶಾಲಾ ಶಿಕ್ಷಕರಾಗಿದ್ದವರು. ಅವರು ಚಿಕ್ಕಂದಿನಿಂದಲೇ ಅಭ್ಯಾಸ ಮಾಡಿದವರು, ನಿಜ. ಆದರೆ ಗೊತ್ತಿಲ್ಲದ ಊರಲ್ಲಿ ಆ ವಯಸ್ಸಿಗೆ ಹೊಸದಾಗಿ ನಿಂತರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ. ಮಕ್ಕಳಂತೂ ಎರಡೇ ವಾರದಲ್ಲಿ ನಿಮಗೆ ಒಗ್ಗಿಕೊಳ್ಳುತ್ತಾರೆ. ಕಟಾ ಮರೆತಾಗ ಅವರೇ ಹೇಳಿಕೊಡುತ್ತಾರೆ.

ಸರಗಳ್ಳರ ವಿಷಯದಲ್ಲಿ ನೇರವಾಗಿ ಹೇಳಿಬಿಡ್ತೀನಿ. ಬೈಕ್ ಮೇಲೆ ಬಂದವನ ಜೊತೆ ಜಗ್ಗಾಡಬೇಡಿ. ಬಿದ್ದು ತಲೆಗೆ ಪೆಟ್ಟಾಗುತ್ತದೆ. ಸರ ಹೋದರೆ ಹೋಗಲಿ, 112ಕ್ಕೆ ಫೋನ್ ಮಾಡಿ. ಒಂದು ವರ್ಷದ ಕರಾಟೆಯಿಂದ ನಿಮಗೆ ಸಿಗುವುದು ಬೇರೆ: ಕಾಲು ಜಾರಿದಾಗ ಸಾವರಿಸಿಕೊಳ್ಳುವ ಸಮತೋಲನ, ಹೊಟ್ಟೆಯಿಂದ ಗಟ್ಟಿಯಾಗಿ ಕೂಗುವ ದನಿ, ಸುತ್ತಮುತ್ತ ಯಾರಿದ್ದಾರೆ ಅಂತ ಗಮನಿಸುವ ಅಭ್ಯಾಸ. ಇವು ದಿನಾ ಕೆಲಸಕ್ಕೆ ಬರುತ್ತವೆ.

ಶೈಲಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಶೋಟೋಕಾನ್‌ನಲ್ಲಿ ನಿಲುವು ಉದ್ದ, ಗೋಜು ರ್ಯು, ವಾಡೋ ರ್ಯುಗಳಲ್ಲಿ ಚಿಕ್ಕದು, ಮೊಣಕಾಲಿಗೆ ಸ್ವಲ್ಪ ಹಿತ. ಆದರೂ ಮನೆ ಹತ್ತಿರ ಯಾವುದಿದೆಯೋ ಅದೇ ಸರಿ. ಮಾಸ್ತರರನ್ನು ಮಾತ್ರ ನೋಡಿ ಆರಿಸಿ. ಮಗಳನ್ನು ಬಿಡಲು ಹೋದಾಗ ಒಂದು ಇಡೀ ಕ್ಲಾಸ್ ಕೂತು ನೋಡಿ. ಮೈ ಬಿಸಿ ಮಾಡಲು ಹತ್ತು ಹದಿನೈದು ನಿಮಿಷ ಕೊಡ್ತಾರಾ? ನೋವು ಅಂದ ಮಗುವನ್ನು ಕೂರಿಸ್ತಾರಾ, ಗದರಿಸ್ತಾರಾ? ಒಂದೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಅನ್ನುವವರ ಹತ್ತಿರ ಹೋಗಲೇಬೇಡಿ. ನಿಯಮಿತವಾಗಿ ಕಲಿತರೂ ಅದಕ್ಕೆ ನಾಲ್ಕೈದು ವರ್ಷ ಬೇಕು, ನಿಮಗೆ ಇನ್ನೊಂದೆರಡು ವರ್ಷ ಜಾಸ್ತಿಯೇ ಹಿಡಿಯಬಹುದು. ಜೊತೆಗಾರರ ಎದುರು ಹೊಡೆದಾಡುವ ಕುಮಿತೆ ಮೊದಲ ವರ್ಷ ಬೇಡ ಅಂತ ಸೇರುವಾಗಲೇ ತಿಳಿಸಿ. ಒಪ್ಪದಿದ್ದರೆ ಬೇರೆ ಕ್ಲಾಸ್ ಹುಡುಕಿ.

ಬೇಸಿಗೆಯಲ್ಲಿ ಬೆಳಗಿನ ಬ್ಯಾಚ್ ಹಿಡಿಯಿರಿ, ನಮ್ಮ ಬಿಸಿಲಿಗೆ ಆ ದಪ್ಪ ಬಟ್ಟೆ ತಡೆಯಲಾಗದು. ಡ್ರೆಸ್ಸನ್ನಂತೂ ಈಗಲೇ ಕೊಳ್ಳಬೇಡಿ. ಮೊದಲ ತಿಂಗಳು ಸಡಿಲ ಪ್ಯಾಂಟ್, ಟೀ ಶರ್ಟ್ ಸಾಕು.