‘ಇವತ್ತೇ ಟೋಕನ್ ಹಾಕಿ’ ಎಂದರೆ ಏನು ಮಾಡಬೇಕು?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತೇವೆ. ಮೆಟ್ರೊ ಹಳದಿ ಮಾರ್ಗದ ಆಸುಪಾಸಿನಲ್ಲಿ ರೀಸೇಲ್ ಫ್ಲಾಟ್ ಹುಡುಕುತ್ತಿದ್ದೇವೆ. ಹಿಂದೆ ಎರಡು ಸಲ, ಊರಲ್ಲಿ ಅಪ್ಪ ಅಮ್ಮನನ್ನು ಒಂದು ಮಾತು ಕೇಳಿ ಹೇಳುತ್ತೇವೆ ಎನ್ನುವಷ್ಟರಲ್ಲಿ ಬೇರೆಯವರು ಅಡ್ವಾನ್ಸ್ ಕೊಟ್ಟುಬಿಟ್ಟರು. ಈಗ 85 ಲಕ್ಷದ ಒಂದು ಫ್ಲಾಟ್ ಇಷ್ಟವಾಗಿದೆ. ‘ನಾಳೆ ಇನ್ನೊಂದು ಪಾರ್ಟಿ ಬರ್ತಿದೆ, ಇವತ್ತೇ 5 ಲಕ್ಷ ಟೋಕನ್ ಹಾಕಿ’ ಎಂದು ಬ್ರೋಕರ್ ಒತ್ತಾಯ ಮಾಡುತ್ತಿದ್ದಾರೆ. ಕೊಡಬಹುದಾ?
— ಓದುಗರು, ಬೊಮ್ಮಸಂದ್ರ

ಉತ್ತರ: 5 ಲಕ್ಷ ಟೋಕನ್, ಅಂದರೆ ಮುಂಗಡ, ಕೊಡಬೇಡಿ. ನಾಳೆ ಬರುವ ಆ ಪಾರ್ಟಿ ನಿಜವಾಗಿಯೂ ಇರಬಹುದು, ಇಲ್ಲದೆಯೂ ಇರಬಹುದು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಮೆಟ್ರೊ ಶುರುವಾಯಿತು, ಅಲ್ಲಿ ಮನೆ ಹುಡುಕುವವರೂ ಜಾಸ್ತಿ, ಹಾಗಾಗಿ ಪೈಪೋಟಿ ಸುಳ್ಳಲ್ಲ. ಆದರೆ ಪೈಪೋಟಿ ಇದೆ ಎಂದು ಪತ್ರ ನೋಡುವುದನ್ನು ಬಿಡುವ ಹಾಗಿಲ್ಲ. ಬೇಗ ಮುಗಿಸಬೇಕಾದರೆ ಮನೆ ಸಿಗುವ ಮೊದಲೇ ನಿಮ್ಮ ಕಡೆಯ ತಯಾರಿ ಮುಗಿದಿರಬೇಕು.

ಮೊದಲು ದುಡ್ಡಿನ ಲೆಕ್ಕ. 75 ಲಕ್ಷಕ್ಕಿಂತ ಜಾಸ್ತಿ ಸಾಲವಾದರೆ ಮನೆ ಬೆಲೆಯ 75%ಕ್ಕಿಂತ ಹೆಚ್ಚು ಕೊಡಬಾರದು, 30ರಿಂದ 75 ಲಕ್ಷದೊಳಗಿನ ಸಾಲಕ್ಕೆ 80% ಮಿತಿ ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಿಮ್ಮ ಫ್ಲಾಟಿಗೆ 80% ಎಂದೇ ಹಿಡಿದರೂ ಸಾಲ 68 ಲಕ್ಷ, ಕೈಯಿಂದ 17 ಲಕ್ಷ. ಇಷ್ಟಕ್ಕೇ ಮುಗಿಯಲಿಲ್ಲ. ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದರೆ ಸುಮಾರು ಆರೂವರೆ ಲಕ್ಷ. ಇದಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಇನ್ನೊಂದು ವಿಷಯ, ಬ್ಯಾಂಕಿನವರು ಫ್ಲಾಟಿನ ಬೆಲೆ 78 ಲಕ್ಷ ಎಂದು ಕಟ್ಟಿದರೆ 80% ಲೆಕ್ಕ 78ರ ಮೇಲೆಯೇ, ನೀವು ಒಪ್ಪಿಕೊಂಡ 85ರ ಮೇಲಲ್ಲ. ಬ್ರೋಕರ್ ಕಮಿಷನ್, ಬಣ್ಣ, ಅಡುಗೆಮನೆ ಕೆಲಸ ಬೇರೆ. ಹಾಗಾಗಿ ಕೈಯಲ್ಲಿ ಇಪ್ಪತ್ತೈದು ಲಕ್ಷಕ್ಕೆ ಕಮ್ಮಿ ಇದ್ದರೆ ಈ ಮನೆಯ ಮಾತು ಮುಂದುವರಿಸುವುದೇ ಬೇಡ.

ಈ ವಾರವೇ ಸಂಬಳದ ಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದುಕೊಂಡು ಹೋಗಿ ಬ್ಯಾಂಕಿನಿಂದ ಎಷ್ಟು ಸಾಲ ಸಿಗುತ್ತದೆ ಎನ್ನುವ ಮಂಜೂರಾತಿ ಪತ್ರ ತೆಗೆದುಕೊಳ್ಳಿ. ಮನೆ ಗೊತ್ತಾಗುವ ಮೊದಲೂ ಅದು ಸಿಗುತ್ತದೆ. ಜೊತೆಗೆ ಆಸ್ತಿ ಪತ್ರ ನೋಡುವ ಒಬ್ಬ ವಕೀಲರನ್ನು ಈಗಲೇ ಮಾತಾಡಿಸಿಡಿ, ಬ್ರೋಕರ್ ಹೇಳಿದವರನ್ನಲ್ಲ, ನೀವೇ ಹುಡುಕಿದವರನ್ನು. ಅಪ್ಪ ಅಮ್ಮನ ಜೊತೆಗೂ ಬೆಲೆ ಎಲ್ಲಿಯವರೆಗೆ, ಯಾವ ಏರಿಯಾ ಅಂತ ಮೊದಲೇ ಕೂತು ಮಾತಾಡಿ. ಆಗ ಮಾಲೀಕರ ಎದುರು ‘ಸಾಲ ರೆಡಿ ಇದೆ, ಪತ್ರ ಸರಿ ಇದ್ದರೆ ತಿಂಗಳೊಳಗೆ ನೋಂದಣಿ’ ಎಂದು ಧೈರ್ಯವಾಗಿ ಹೇಳಬಹುದು. ಮಾರುವವರಿಗೂ ಬೇಕಾದದ್ದು ಅದೇ ಅಲ್ವಾ? ಒಂದು ಲಕ್ಷ ಜಾಸ್ತಿ ಕೊಡುತ್ತೇನೆ ಎಂದು ಹೇಳಿ ಮೂರು ತಿಂಗಳು ಸಾಲಕ್ಕೆ ಓಡಾಡುವವರಿಗಿಂತ ನೀವೇ ವಾಸಿ ಎಂದು ಎಷ್ಟೋ ಮಾಲೀಕರಿಗೆ ಅನ್ನಿಸುತ್ತದೆ.

ಟೋಕನ್ ಕೊಡಲೇಬೇಕಾದರೆ 50 ಸಾವಿರ, ಹೆಚ್ಚೆಂದರೆ 1 ಲಕ್ಷ. ಅದೂ ಮಾಲೀಕರ ಖಾತೆಗೆ ಆನ್‌ಲೈನ್‌ನಲ್ಲಿ, ಬ್ರೋಕರ್ ಕೈಗೆ ಬೇಡ, ನಗದು ಅಂತೂ ಬೇಡವೇ ಬೇಡ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಅಡ್ವಾನ್ಸ್ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ‘ವಕೀಲರು ಅಥವಾ ಬ್ಯಾಂಕು ಪತ್ರ ಸರಿ ಇಲ್ಲ ಎಂದರೆ ಇಷ್ಟು ದಿನದಲ್ಲಿ ಪೂರ್ತಿ ಹಣ ವಾಪಸ್’ ಎಂದು ಬರೆದು ಸಹಿ ಹಾಕಿಸಿಕೊಳ್ಳಿ. ಫ್ಲಾಟ್ ಇಬ್ಬರ ಹೆಸರಲ್ಲಿದ್ದರೆ ಇಬ್ಬರದ್ದೂ ಸಹಿ ಬೇಕು. ಇದಕ್ಕೆ ಒಪ್ಪದವರು ಅಡ್ವಾನ್ಸ್ ವಾಪಸ್ ಕೊಡುವಾಗ ಎಷ್ಟು ಸತಾಯಿಸಬಹುದು, ನೀವೇ ಯೋಚಿಸಿ.

ಪತ್ರಗಳಲ್ಲಿ ನಾನು ಮೊದಲು ಕೇಳುವುದು ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ. ಅದನ್ನು ನೋಡಿಯೇ ಸಾಲ ಕೊಡಬೇಕು, ಕರೆಂಟು ನೀರಿನ ಸಂಪರ್ಕ ಕೊಡಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಇಲ್ಲಿ ಯಾರಿಗೂ ಓಸಿ ಇಲ್ಲ, ಎಲ್ಲರೂ ಆರಾಮಾಗಿದ್ದಾರೆ’ ಎನ್ನುವ ಮಾತು ಕೇಳಿಸಿದರೆ ಅಲ್ಲಿಂದ ಎದ್ದು ಬನ್ನಿ. ಆಮೇಲೆ ಇ-ಖಾತೆ, ಅಂದರೆ ಸ್ಥಳೀಯ ಸಂಸ್ಥೆಯ ಆನ್‌ಲೈನ್ ಆಸ್ತಿ ದಾಖಲೆ, ಅದು ಮಾರುವವರ ಹೆಸರಿನಲ್ಲೇ ಇರಬೇಕು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ನೀವೇ ತೆಗೆಸಿ, ಅವರು ಕೊಟ್ಟ ಜೆರಾಕ್ಸ್ ನಂಬಬೇಡಿ. ಅದರಲ್ಲಿ ಹಳೆಯ ಸಾಲ ಕಂಡರೆ ಗಾಬರಿ ಬೇಡ, ಬಾಕಿ ಎಷ್ಟು ಎಂಬ ಪತ್ರವನ್ನು ಅವರ ಬ್ಯಾಂಕಿನಿಂದ ತರಿಸಿ, ಆ ಹಣ ನೇರವಾಗಿ ಆ ಬ್ಯಾಂಕಿಗೇ ಹೋಗುವ ಹಾಗೆ ಅಗ್ರಿಮೆಂಟ್‌ನಲ್ಲಿ ಬರೆಸಿ.

50 ಲಕ್ಷ ದಾಟಿದ ಆಸ್ತಿ ಆದ್ದರಿಂದ ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ನೀವೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾಲೀಕರು ವಿದೇಶದಲ್ಲಿ ನೆಲೆಸಿದ್ದರೆ ಈ 1% ಲೆಕ್ಕ ನಡೆಯಲ್ಲ, ಕಡಿತ ತುಂಬಾ ಜಾಸ್ತಿ, ಅಗ್ರಿಮೆಂಟಿಗೂ ಮೊದಲು ಆಡಿಟರ್ ಹತ್ತಿರ ಹೋಗಿ.

ನೀರಿನ ಬಗ್ಗೆ ವಾಚ್‌ಮನ್ ಹತ್ತಿರ, ಕೆಳಗಿನ ಮನೆಯವರ ಹತ್ತಿರ ವಿಚಾರಿಸಿ. ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ, ತಿಂಗಳ ಮೇಂಟೆನೆನ್ಸ್ ಎಷ್ಟಾಗುತ್ತದೆ ಎಂದು ಅವರು ಹೇಳುವಷ್ಟು ನಿಜ ಬ್ರೋಕರ್ ಹೇಳುವುದಿಲ್ಲ.

ಪ್ರಶ್ನೆ: ನೆಲಮಂಗಲದ ಆಚೆ 30x40 ರೆವಿನ್ಯೂ ಸೈಟು ಕಡಿಮೆ ಬೆಲೆಗೆ ಸಿಗುತ್ತಿದೆ. ಹಬ್ಬ ಕಳೆದರೆ ರೇಟು ಏರುತ್ತದಂತೆ. ಈಗ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಮಾಡಿಕೊಡುತ್ತಾರಂತೆ, ನೋಂದಣಿ ಆಮೇಲೆ. ತೆಗೆದುಕೊಳ್ಳಲಾ?
— ಓದುಗರು, ತುಮಕೂರು

ಉತ್ತರ: ಬೇಡ. ಜಿಪಿಎ ಮೇಲೆ ಆಸ್ತಿಯ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿ ಆಗಿದೆ. ರೆವಿನ್ಯೂ ಸೈಟು ಎಂದರೆ ಕೃಷಿಯಿಂದ ವಾಸದ ಬಳಕೆಗೆ ಭೂ ಪರಿವರ್ತನೆ ಆಗದ ಜಮೀನು, ದಾಖಲೆಯಲ್ಲಿ ಅದು ಇನ್ನೂ ಹೊಲ, ಅಲ್ಲಿ ಮನೆ ಕಟ್ಟಲು ಬ್ಯಾಂಕ್ ಸಾಲವನ್ನು ನಂಬಿಕೊಳ್ಳಬೇಡಿ. ಇನ್ನೊಂದು ಅಪಾಯ ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅದು ಮೂಲ ಕುಟುಂಬಕ್ಕೆ ವಾಪಸ್ ಹೋಗಬಹುದು. 2023ರ ತಿದ್ದುಪಡಿ ಬಂದ ಮೇಲೆ ಎಷ್ಟು ವರ್ಷವಾದರೂ ಅವರು ಕೇಳಬಹುದು, ಅದು ಅವರ ಹಕ್ಕು. ಪಹಣಿ, ಮೂಲ ಮಂಜೂರಾತಿ ದಾಖಲೆ, ಭೂ ಪರಿವರ್ತನೆ ಆದೇಶ, ಅನುಮೋದನೆಯಾದ ಲೇಔಟ್ ನಕ್ಷೆ, ಈ ನಾಲ್ಕನ್ನೂ ಕೇಳಿ. ಹೆಣ್ಣುಮಕ್ಕಳ ಹೆಸರೂ ಇರುವ ವಂಶವೃಕ್ಷ ತರಿಸಿ, ಪಿತ್ರಾರ್ಜಿತ ಜಮೀನಾದರೆ ಅವರ ಸಹಿಯೂ ಬೇಕು. ಕೊಡಲು ಆಗಲ್ಲ ಎಂದರೆ ಹಬ್ಬದ ಮೊದಲಿನ ಆ ರೇಟು ಅವರ ಹತ್ತಿರವೇ ಇರಲಿ.