'ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ' ಅಂದುಬಿಟ್ಟೆ

ಪ್ರಶ್ನೆ: ಹಾಸನ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಶಿಕ್ಷಕಿ. ಒಂಬತ್ತು ವರ್ಷದ ಸರ್ವಿಸ್. ಈ ಸಲ ಹತ್ತನೇ ತರಗತಿಯಲ್ಲಿ 38 ಮಕ್ಕಳಿದ್ದಾರೆ. ಪಾಠಗಳೆಲ್ಲ ಡಿಸೆಂಬರ್‌ನಲ್ಲೇ ಮುಗಿದವು. ಆಮೇಲೆ ಬರೀ ರಿವಿಷನ್, ಪೂರ್ವಸಿದ್ಧತಾ ಪರೀಕ್ಷೆ, ಸಂಜೆ ವಿಶೇಷ ತರಗತಿ. ಹನ್ನೊಂದು ಮಕ್ಕಳು ತುಂಬಾ ಹಿಂದೆ ಇದ್ದಾರೆ. 'ಇನ್ನು ಪಾಸಿಂಗ್ ಪ್ಯಾಕೇಜ್ ಬಿಟ್ಟು ಬೇರೇನೂ ಬೇಡ ಮೇಡಂ' ಎಂದು ಹೆಡ್ ಮಾಸ್ಟರ್ ಹೇಳಿದ್ದಾರೆ. ಅಂದರೆ ಪಾಸಾಗಲು ಬೇಕಾದಷ್ಟನ್ನು ಮಾತ್ರ ಓದಿಸುವುದು.

ಜನವರಿಯಲ್ಲಿ ಕುಮಾರವ್ಯಾಸನ 'ಕೌರವೇಂದ್ರನ ಕೊಂದೆ ನೀನು' ಪದ್ಯದ ಪ್ರಶ್ನೋತ್ತರ ಬರೆಸುತ್ತಿದ್ದೆ. ಕರ್ಣನಿಗೆ ಅವನ ಹುಟ್ಟಿನ ಗುಟ್ಟನ್ನು ಕೃಷ್ಣ ಹೇಳುವ ಪದ್ಯ ಅದು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನು ಸೋದರಮಾವನ ಮನೆಯಲ್ಲಿದ್ದುಕೊಂಡು ಓದುವವನು, ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ದಿನಾ ಪ್ರಾರ್ಥನೆ ಮುಗಿದಿರುತ್ತದೆ. 'ಮಿಸ್, ಅಷ್ಟು ದೊಡ್ಡ ಸುದ್ದಿ ಕೇಳಿ ಕರ್ಣ ತನಗೋಸ್ಕರ ಯಾಕೆ ಅಳ್ಲಿಲ್ಲ? ಕೌರವನಿಗೋಸ್ಕರ ಯಾಕೆ ಅತ್ತ?' ಎಂದ. ನಾನು 'ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ, ಬರ್ಕೋ' ಅಂದುಬಿಟ್ಟೆ. ಅವತ್ತಿನಿಂದ ಮನಸ್ಸು ಸರಿ ಇಲ್ಲ. ಕನ್ನಡ ಎಂ.ಎ. ಓದಿದ್ದು ಇದಕ್ಕಾ ಅನ್ನಿಸುತ್ತದೆ. ಹೋದ ವರ್ಷದ ಬೀಳ್ಕೊಡುಗೆ ದಿನ ಒಬ್ಬ ಹುಡುಗಿ ಕೊಟ್ಟ ಕಾರ್ಡಿನಲ್ಲಿ 'ಮಿಸ್, ನಿಮ್ಮ ನೋಟ್ಸ್ ಸೂಪರ್' ಎಂದಿತ್ತು. ಬೇರೇನೂ ಇರಲಿಲ್ಲ.

ಉಳಿದಿರುವುದು ಮೂರು ವಾರ. ಒಂದು ದಿನವಾದರೂ ನಿಜವಾದ ಪಾಠ ಮಾಡಿ ವರ್ಷ ಮುಗಿಸಬೇಕು ಅಂತ ಆಸೆ. ಆದರೆ ಆ ಹನ್ನೊಂದು ಮಕ್ಕಳಲ್ಲಿ ಒಬ್ಬರು ಫೇಲಾದರೂ ನನ್ನ ಖಯಾಲಿಗೆ ಅವರ ವರ್ಷ ಹಾಳು ಮಾಡಿದ ಹಾಗಾಗಲ್ವಾ? ಏನು ಮಾಡಲಿ?

ಉತ್ತರ: ಟೀಚರ್, ಮೊದಲು ಆ ನೋಟ್ಸ್ ವಿಷಯ ಮುಗಿಸಿಬಿಡೋಣ.

ಆ ಕಾರ್ಡ್ ನೋಡಿ ನಿಮಗೆ ಬೇಜಾರಾಯಿತು. ನನಗೆ ಆ ಹುಡುಗಿಯ ಮೇಲೆ ಪ್ರೀತಿ ಬಂತು. ಟ್ಯೂಷನ್ ಇಲ್ಲ, ಮನೆಯಲ್ಲಿ ಹೇಳಿಕೊಡುವವರಿಲ್ಲ, ಅಂಥ ಮಗುವಿಗೆ ಅಚ್ಚುಕಟ್ಟಾದ ನೋಟ್ಸ್ ಸಿಗುವುದು ಸಣ್ಣ ಮಾತಲ್ಲ. ಕನ್ನಡ ಪ್ರಥಮ ಭಾಷೆಗೆ 125 ಅಂಕ. ಬರವಣಿಗೆಗೆ 100, ಆಂತರಿಕ 25. ಒಟ್ಟು 625ರಲ್ಲಿ ಐದನೇ ಒಂದು ಪಾಲು ನಿಮ್ಮ ಕೈಯಲ್ಲಿದೆ. ಗಣಿತದಲ್ಲಿ ಜಾರಿ ಬಿದ್ದ ಮಗು ಕೈ ಊರಿ ಮೇಲೇಳುವುದು ಇಲ್ಲೇ. ಕಂಠಪಾಠ, ಕವಿ ಪರಿಚಯ, ಗಾದೆ, ಪತ್ರ ಬರೆಯುವುದು ಎಂದು ನೀವು ಆ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ತಿದ್ದುತ್ತಿದ್ದೀರಲ್ಲ, ಅದನ್ನು ನಿಲ್ಲಿಸಬೇಡಿ. ಅದಕ್ಕೆ ನಾಚಿಕೆಪಡಲೂಬೇಡಿ. ಸಾಹಿತ್ಯ ಬೇರೆ, ಪಾಸಿಂಗ್ ಪ್ಯಾಕೇಜ್ ಬೇರೆ, ಮೊದಲನೆಯದು ಮಡಿ, ಎರಡನೆಯದು ಮೈಲಿಗೆ ಅನ್ನುವ ಭಾವನೆ ನಮ್ಮ ಕನ್ನಡ ಮೇಷ್ಟ್ರುಗಳಲ್ಲಿ ಸ್ವಲ್ಪ ಜಾಸ್ತಿ. ನನ್ನಲ್ಲೂ ಇತ್ತು. ಮೂವತ್ತೊಂದು ವರ್ಷ ಇದೇ ಪಾಠ ಮಾಡಿ ನಿವೃತ್ತಳಾದವಳು ನಾನು. ನಿವೃತ್ತಿಯಾದ ಮೇಲೆ ಬಂದು ಮಾತಾಡಿಸಿದ ಹಳೆಯ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ನೆನೆದದ್ದು ನಾನು ಪಾಸು ಮಾಡಿಸಿದ್ದನ್ನೇ.

ಒಂದು ಪೀರಿಯಡ್ಡಿನಿಂದ ಯಾರೂ ಫೇಲಾಗುವುದಿಲ್ಲ, ಇದನ್ನಂತೂ ನಂಬಿ. ಮೂರು ವಾರದಲ್ಲಿ ನಲವತ್ತು ನಿಮಿಷ! ಅಕಸ್ಮಾತ್ ಒಂದು ಮಗು ಹಿಂದೆ ಬಿದ್ದರೂ ಈಗ ಮೊದಲಿನ ಹಾಗೆ ದಾರಿ ಮುಚ್ಚಿಹೋಗುವುದಿಲ್ಲ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ಅಂದರೆ ನಿಮ್ಮ ಭಯಕ್ಕೆ ಆ ಹನ್ನೊಂದು ಮಕ್ಕಳು ಅರ್ಧ ಕಾರಣ ಅಷ್ಟೆ. ಇನ್ನರ್ಧ ಆ ಹುಡುಗ.

ಅವನ ವಿಷಯಕ್ಕೆ ಬರೋಣ. 'ಅದು ಪರೀಕ್ಷೆಗೆ ಬರಲ್ಲ' ಅಂದಿರಿ. ಬರುತ್ತೆ ಟೀಚರ್! 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ' ಎಂದು ಪ್ರತಿ ಪತ್ರಿಕೆಯಲ್ಲೂ ಕೇಳುತ್ತಾರೆ. ಆಕರ, ಸಂದರ್ಭ, ಸ್ವಾರಸ್ಯ, ಮೂರಕ್ಕೆ ಮೂರು ಅಂಕ. ಆಕರ ಬರೆಸುತ್ತೇವೆ, ಸಂದರ್ಭ ಬರೆಸುತ್ತೇವೆ. ಸ್ವಾರಸ್ಯದ ಹತ್ತಿರ ಬಂದಾಗ ಮಾತ್ರ 'ಕರ್ಣನ ಸ್ವಾಮಿನಿಷ್ಠೆ ಇಲ್ಲಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ' ಎಂದು ಒಂದು ಸಾಲು ಹೇಳಿ ಮುಂದೆ ಹೋಗುತ್ತೇವೆ. 38 ಮಕ್ಕಳಲ್ಲಿ ಒಬ್ಬ ಎದ್ದು ನಿಂತು, ಆ ಸ್ವಾರಸ್ಯ ಅಂದರೆ ಏನು ಅಂತ ಕೇಳಿದ್ದಾನೆ. ಅವನು ಕೇಳಿದ್ದು ಅಷ್ಟೇ.

ನೀವು ಹೇಗೆ ವರ್ಷ ಮುಗಿಸಬೇಕು ಅಂತ ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ. ಹೊಸದೇನೂ ಬೇಡ. ಅವನಿಗೆ ಉತ್ತರ ಕೊಡಿ. ಅವನೊಬ್ಬನಿಗೇ ಅಲ್ಲ, ತರಗತಿಯಲ್ಲಿ ಎಲ್ಲರೆದುರಿಗೆ.

ಪದ್ಯ ನಿಮಗೆ ಗೊತ್ತಿರುವುದೇ. ಆದರೂ ಉತ್ತರ ಬರೆಸೀ ಬರೆಸೀ ಕಣ್ಣು ಮಂಜಾಗಿರುತ್ತದೆ, ಒಂದು ಸಲ ಜೊತೆಯಲ್ಲಿ ನೋಡೋಣ. ಮೊದಲ ಸಾಲಿನಲ್ಲೇ ಕೃಷ್ಣ ಕರ್ಣನ ಜೊತೆ 'ಮೈದುನತನದ ಸರಸ' ಆಡುತ್ತಾನೆ. ಮೈದುನನ ಸರಸ ಅಂದರೆ ಏನೆಂದು ಹಳ್ಳಿ ಮಕ್ಕಳಿಗೆ ನೀವು ಹೇಳಿಕೊಡಬೇಕಾಗಿಲ್ಲ, ಮದುವೆಮನೆಯಲ್ಲಿ ನೋಡಿಯೇ ಇರುತ್ತಾರೆ. ಕುಂತಿ ಕೃಷ್ಣನ ತಂದೆ ವಸುದೇವನ ಸೋದರಿ. ಹಾಗಾಗಿ ಕರ್ಣ ಕೃಷ್ಣನಿಗೆ ಸೋದರತ್ತೆಯ ಮಗ. ಅದು ಕೃಷ್ಣನಿಗೆ ಗೊತ್ತು. ಕರ್ಣನಿಗೆ ಗೊತ್ತಿಲ್ಲ! ಗುಟ್ಟು ಹೇಳುವ ಮುಂಚೆಯೇ ಅವನು ನೆಂಟಸ್ತಿಕೆ ಶುರು ಮಾಡಿಬಿಟ್ಟಿದ್ದಾನೆ. ಕೈ ಹಿಡಿದೆಳೆದು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತಾನೆ. ನಿಮ್ಮ ಸಮ ಕೂರೋದಾ, ನನಗೆ ಅಂಜಿಕೆಯಾಗುತ್ತೆ ಸ್ವಾಮಿ ಅನ್ನುತ್ತಾನೆ ಕರ್ಣ. ಆಗ ಕೃಷ್ಣ ಇನ್ನೂ ಹತ್ತಿರಕ್ಕೆ ಸರಿದು, 'ತೊಡೆಸೋಂಕಿನಲಿ' ಕೂರುತ್ತಾನೆ. ತೊಡೆಗೆ ತೊಡೆ ತಾಗುವ ಹಾಗೆ. ಸಾಲ ಕೇಳುವವರು ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂರುವ ರೀತಿ ಇದೆಯಲ್ಲ, ಹಾಗೆ. ಇದನ್ನು ನಾನು ತರಗತಿಯಲ್ಲಿ ಇಬ್ಬರು ಹುಡುಗರನ್ನು ಬೆಂಚಿನ ಮೇಲೆ ಕೂರಿಸಿ ಮಾಡಿಸುತ್ತಿದ್ದೆ. ನಗು ತಡೆಯಲು ಆಗುತ್ತಿರಲಿಲ್ಲ.

ಆಮೇಲೆ ನೀನು ಕುಂತಿಯ ಮೊದಲ ಮಗ, ರಾಜ್ಯ ನಿನ್ನದು, ಎಡಕ್ಕೆ ಕೌರವರು ಬಲಕ್ಕೆ ಪಾಂಡವರು ನಿಂತು ನಿನಗೆ ಓಲೈಸುತ್ತಾರೆ ಎಂದು ಹೇಳಿ ಮುಗಿಸುತ್ತಾನೆ. ನಿಮ್ಮ ಹುಡುಗ ಕೇಳಿದ ಪ್ರಶ್ನೆ ಇಲ್ಲಿಗೆ ಬರುತ್ತದೆ. 'ಕೊರಳ ಸೆರೆ ಹಿಗ್ಗಿದವು.' ಕುತ್ತಿಗೆಯ ನರ ಉಬ್ಬುವಷ್ಟು ದುಃಖ. ಹುಟ್ಟಿದಾಗಿನಿಂದ ಸೂತಪುತ್ರ ಅನ್ನಿಸಿಕೊಂಡವನಿಗೆ ಇದು ಸಂತೋಷದ ಸುದ್ದಿಯಾಗಬೇಕಿತ್ತು, ಅಲ್ವಾ? ಅವನ ಬಾಯಿಗೆ ಬರುವುದು ಅಯ್ಯೋ, ಕುರುಪತಿಗೆ ಕೇಡಾಯಿತಲ್ಲ ಎಂಬ ಮಾತು. ನನ್ನ ವಂಶ ಯಾವುದೆಂದು ಹೇಳಿಯೇ ಈ ಕೃಷ್ಣ ಕೊಂದ ಅಂದುಕೊಳ್ಳುತ್ತಾನೆ. ಎದುರಿಗಿರುವವರು ತಮ್ಮಂದಿರೆಂದು ಗೊತ್ತಾದ ಮೇಲೆ ಬಾಣ ಮೊದಲಿನ ಹಾಗೆ ಹೋಗುತ್ತದಾ? ಕರ್ಣನನ್ನೇ ನಂಬಿಕೊಂಡು ಯುದ್ಧಕ್ಕೆ ನಿಂತಿರುವ ಕೌರವ ಆ ಕ್ಷಣವೇ ಸತ್ತ ಲೆಕ್ಕ. ಕೃಷ್ಣ ಒಂದು ಕತ್ತಿಯನ್ನೂ ಎತ್ತಿಲ್ಲ. ಪದ್ಯಕ್ಕೆ ಆ ಶೀರ್ಷಿಕೆ ಬಂದಿರುವುದು ಅದಕ್ಕೇ.

ಕೌರವನನ್ನು ಕರ್ಣ ಕರೆಯುವ ಮಾತು ಇನ್ನೂ ಒಂದಿದೆ. 'ಹೊರೆದ ದಾತಾರ.' ಸಾಕಿದ ಧಣಿ.

ಈಗ ನಿಮ್ಮ ಪತ್ರಕ್ಕೆ ವಾಪಸ್ ಬನ್ನಿ. ಆ ಹುಡುಗನ ಬಗ್ಗೆ ಹೇಳುವಾಗ ನೀವು ಒಂದೇ ಸಾಲು ಬರೆದಿದ್ದೀರಿ. ಸೋದರಮಾವನ ಮನೆಯಲ್ಲಿದ್ದುಕೊಂಡು ಓದುವವನು, ಡೈರಿಗೆ ಹಾಲು ಹಾಕಿ ಬರುವವನು. ನೀವು ಸುಮ್ನೆ ಗುರುತಿಗೆ ಅಂತ ಬರೆದಿರಬಹುದು. ನನಗೆ ಕಣ್ಣು ಅಲ್ಲೇ ನಿಂತಿತು. ಹೆತ್ತವರ ಮನೆ ಒಂದು, ಅನ್ನ ಹಾಕುವ ಮನೆ ಇನ್ನೊಂದು ಆದವನಿಗೆ ಕರ್ಣನ ಆ ಅಳು ನಮಗಿಂತ ಬೇಗ ಕೇಳಿಸಿರಬಹುದು. ಹಳಗನ್ನಡದಲ್ಲಿ 'ಜೋಳವಾಳಿ' ಅಂತ ಒಂದು ಮಾತಿದೆ, ಉಂಡ ಜೋಳದ ಋಣ. ಅದರ ಭಾರ ಹದಿನೈದು ವರ್ಷದ ಹುಡುಗನಿಗೂ ಗೊತ್ತಿರುತ್ತದೆ.

ಇದು ನನ್ನ ಊಹೆ. ತಪ್ಪೂ ಇರಬಹುದು. ಮಾವ ಇವನನ್ನು ಸ್ವಂತ ಮಗನಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿರಬಹುದು, ಇವನಿಗೆ ಕಥೆಯ ಲಾಜಿಕ್ ಮಾತ್ರ ತಲೆ ಕೊರೆದಿರಬಹುದು. ಅದಕ್ಕೇ ಹೇಳುತ್ತೇನೆ, ದಯವಿಟ್ಟು ಅವನನ್ನು ಸ್ಟಾಫ್ ರೂಮಿಗೆ ಕರೆದು 'ಮನೆಯಲ್ಲಿ ಏನಾದರೂ ತೊಂದರೆ ಇದೆಯಾ ಪುಟ್ಟ' ಅಂತ ಶುರು ಮಾಡಬೇಡಿ. ಅವನು ಕರ್ಣನ ಬಗ್ಗೆ ಕೇಳಿದ್ದಾನೆ, ಕರ್ಣನ ಬಗ್ಗೆಯೇ ಹೇಳಿ. ಪದ್ಯದ ಮರೆಯಲ್ಲಿ ನಿಂತು ತನ್ನ ಕಷ್ಟ ಕೇಳಿಸಿಕೊಳ್ಳುವ ಅವಕಾಶ ಅವನಿಗೆ ಇರಲಿ. ನಾವು ಮರೆ ಸರಿಸಿಬಿಟ್ಟರೆ ಅವನು ಇನ್ನೊಂದು ಸಲ ಎದ್ದು ನಿಲ್ಲುವುದಿಲ್ಲ.

ಶುರು ಹೀಗೆ ಮಾಡಿ. 'ಜನವರಿಯಲ್ಲಿ ಇವನು ಒಂದು ಪ್ರಶ್ನೆ ಕೇಳಿದ್ದ. ನಾನು ಅವಸರದಲ್ಲಿದ್ದೆ, ಪರೀಕ್ಷೆಗೆ ಬರಲ್ಲ ಅಂದೆ. ತಪ್ಪು ಹೇಳಿದೆ.' ಅಷ್ಟೇ, ಕ್ಷಮೆ ಕೇಳುವ ದೊಡ್ಡ ದೃಶ್ಯ ಬೇಡ. ಅವನು 'ಯಾವಾಗ ಕೇಳಿದ್ದೆ ಮಿಸ್?' ಅಂದರೂ ಅನ್ನಬಹುದು. ನೀವು ಎರಡು ತಿಂಗಳು ನಿದ್ದೆಗೆಟ್ಟಿರುತ್ತೀರಿ, ಅವನು ಮರೆತಿರುತ್ತಾನೆ. ಪರವಾಗಿಲ್ಲ. ಆಮೇಲೆ ಪದ್ಯವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ. ಭಾಮಿನಿ ಷಟ್ಪದಿಯನ್ನು ಮೂರು-ನಾಲ್ಕು ಮಾತ್ರೆ ಅಂತ ಗೆರೆ ಎಳೆದು ಪ್ರಸ್ತಾರ ಹಾಕಿಸಿ ಹಾಕಿಸಿ ಮಕ್ಕಳು ಅದನ್ನು ಕೋಷ್ಟಕ ಅಂದುಕೊಂಡಿದ್ದಾರೆ. ಕಿವಿಗೆ ಬೀಳಲಿ. ರಾಗ ಗೊತ್ತಿದ್ದರೆ ಗಮಕದ ಹಾಗೆ ಹೇಳಿ, ಇಲ್ಲದಿದ್ದರೆ ನಿಮ್ಮ ದನಿಯಲ್ಲೇ ಸಾಕು. ಆಮೇಲೆ ಕರ್ಣ ಯಾಕೆ ಅತ್ತ ಅಂತ ಅವರನ್ನೇ ಕೇಳಿ. ಬೋರ್ಡಿನ ಮೇಲೆ ಏನೂ ಬರೆಯಬೇಡಿ. ಯಾರಾದರೂ 'ಬರ್ಕೋಬೇಕಾ ಮಿಸ್?' ಅನ್ನುತ್ತಾರೆ, ಬೇಡ ಅನ್ನಿ. 'ಎಷ್ಟು ಮಾರ್ಕ್ಸಿಗೆ?' ಅಂತ ಇನ್ನೊಬ್ಬ ಕೇಳುತ್ತಾನೆ. ಮೂರು ಅನ್ನಿ.

ಒಂದು ಮಾತ್ರ ಮಾಡಬೇಡಿ, ಭಾಷಣ. ನಾನು ಒಂದು ವರ್ಷ ಮಾಡಿದ್ದೆ. ಬೀಳ್ಕೊಡುಗೆ ದಿನ, ಸರಸ್ವತಿ ಪೂಜೆ ಆದ ಮೇಲೆ, ಬದುಕು, ಗುರಿ, ತಾಯಿ ತಂದೆ, ಕನ್ನಡ ಅಂತ ಮುಕ್ಕಾಲು ಗಂಟೆ. ನನ್ನ ಕಣ್ಣಲ್ಲೂ ನೀರು. ಮುಂದಿನ ಸಾಲಿನ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಎಷ್ಟು ಮನಸ್ಸಿಟ್ಟು ಕೇಳುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ನೋಡಿದರೆ ನನ್ನ ಹಿಂದೆ ಕಿಟಕಿಯಾಚೆ ಪುಳಿಯೋಗರೆ ಕಲಸುತ್ತಿದ್ದರು.

ಹೆಡ್ ಮಾಸ್ಟರ್ ವಿಷಯದಲ್ಲಿ ಜಗಳ ಬೇಡ. ಅವರ ಮೇಲೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿ.ಇ.ಒ., ಅವರ ಮೇಲೆ ಜಿಲ್ಲೆಯ ಅಧಿಕಾರಿ ಡಿ.ಡಿ.ಪಿ.ಐ., ಎಲ್ಲರ ಕೈಯಲ್ಲೂ ಫಲಿತಾಂಶದ ಪಟ್ಟಿ. ಆ ಹನ್ನೊಂದು ಮಕ್ಕಳಲ್ಲಿ ಯಾರು ಎಲ್ಲಿದ್ದಾರೆ, ಯಾರಿಗೆ ಏನು ಬಾಕಿ ಎಂದು ಒಂದು ಹಾಳೆಯಲ್ಲಿ ಬರೆದು ಅವರ ಮೇಜಿನ ಮೇಲಿಡಿ. ಹಾಳೆ ಕೈಯಲ್ಲಿದ್ದರೆ ಮೇಷ್ಟ್ರುಗಳಿಗೆ ಧೈರ್ಯ. ಆಮೇಲೆ 'ಬುಧವಾರ ಒಂದು ಪೀರಿಯಡ್ ಕಂಠಪಾಠದ ಪದ್ಯ ಓದಿಸುತ್ತೇನೆ ಸಾರ್' ಅನ್ನಿ. ಸುಳ್ಳೇನೂ ಅಲ್ಲ, ಪದ್ಯ ಅದರಿಂದ ಬಾಯಿಗೂ ಬರುತ್ತದೆ.

ಏಪ್ರಿಲ್‌ನಲ್ಲಿ ನಿಮ್ಮನ್ನು ಮೌಲ್ಯಮಾಪನಕ್ಕೆ ಹಾಕುತ್ತಾರೆ. ಅಲ್ಲಿ ಯಾರ ಮಕ್ಕಳ ಉತ್ತರ ಪತ್ರಿಕೆಯೋ, ಹೆಸರಿಲ್ಲ, ಊರಿಲ್ಲ. ಕಟ್ಟು ಬಿಚ್ಚಿದರೆ ಒಂದರ ಹಿಂದೆ ಒಂದು 'ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ' ಬರುತ್ತಾ ಹೋಗುತ್ತದೆ. ನಿಮ್ಮ ಹುಡುಗ ಕರ್ಣನ ಬಗ್ಗೆ ಕೊನೆಗೆ ಏನು ಬರೆದ ಅಂತ ನಿಮಗೆ ಗೊತ್ತಾಗುವುದೇ ಇಲ್ಲ. ಬೇರೆ ಯಾವುದೋ ಊರಿನ ಕನ್ನಡ ಟೀಚರ್ ಅದನ್ನು ಓದುತ್ತಾರೆ. ಈ ಕೆಲಸದಲ್ಲಿ ನನಗೆ ಕೊನೆಯವರೆಗೂ ಒಗ್ಗದಿದ್ದ ಸಂಗತಿ ಇದು. ಅದಕ್ಕೇ, ಅವರು ಏನು ಯೋಚಿಸುತ್ತಾರೆ ಅಂತ ಕೇಳಿಸಿಕೊಳ್ಳುವುದಿದ್ದರೆ ಈಗಲೇ ಕೇಳಿಸಿಕೊಳ್ಳಿ.

ದಿನ ಯಾವುದು ಅನ್ನುವುದೂ ಮುಖ್ಯ. ಬೀಳ್ಕೊಡುಗೆಯ ದಿನ ಬೇಡ, ಅವತ್ತು ಮಕ್ಕಳಿಗೆ ಫೋಟೋ ಗಲಾಟೆ. ಹಾಲ್ ಟಿಕೆಟ್ ಕೊಡುವ ದಿನವಂತೂ ಬೇಡವೇ ಬೇಡ. ಸಂಜೆ ಕೊನೆಯ ಪೀರಿಯಡ್ ತಗೊಂಡರೆ ಅರ್ಧ ಜನರ ಕಿವಿ ಬಸ್ಸಿನ ಹಾರ್ನ್ ಕಡೆಗಿರುತ್ತದೆ. ಬಿಸಿಯೂಟಕ್ಕೆ ಮುಂಚಿನ ಪೀರಿಯಡ್ ಆದರೆ ಸಾಂಬಾರಿನ ಘಮದ ಮುಂದೆ ಕುಮಾರವ್ಯಾಸನೂ ನಿಲ್ಲುವುದಿಲ್ಲ. ಎರಡನೇ ಪೀರಿಯಡ್ ಇಟ್ಟುಕೊಳ್ಳಿ. ಮೊದಲನೆಯದು ಬೇಡ, ಆ ಹುಡುಗ ಹಾಲು ಹಾಕಿ ಬರಬೇಕಲ್ಲ.